ಮಗುಚದ ಹಾಳೆಯ ಕಾಣದಕ್ಕ

ಆ ಮನೆಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಮೂರರಿಂದ ಐದೂವರೆಯೊಳಗೆ ಲೋಕ ಒಮ್ಮೆ ಇನ್ನೇನು ಮುಗಿದೇ ಹೋಯಿತು ಎನ್ನುವ ಹಂತಕ್ಕೆ ಬಂದು, ಮತ್ತೆ ಹೇಗೋ ಉಳಿದುಕೊಳ್ಳುತ್ತಿತ್ತು. ಉಳಿಸುವವರು ಮಾತ್ರ ಬೇರೆ ಬೇರೆ. ಒಂದು ವಾರ ಆಕಾಶದಲ್ಲಿ ಹಾರುವವನು, ಇನ್ನೊಂದು ವಾರ ಗೋಡೆ ತೂರಿ ಹೋಗುವವಳು, ಮತ್ತೊಂದು ವಾರ ಮುಷ್ಟಿ ಬಿಗಿದರೆ ಬೆಟ್ಟ ಪುಡಿಯಾಗುವವನು. ನೋಡುವವರು ಅದೇ ಮೂವರು: ಹತ್ತನೆಯ ತರಗತಿಯ ಮಗಳು, ಹೊಲಿಗೆ ಯಂತ್ರದ ಹಿಂದೆ ಕೂತ ಅಮ್ಮ, ವಾರಕ್ಕೊಂದೇ ರಜೆ ಕಾಣುವ ಬಸ್ ಚಾಲಕ ಅಪ್ಪ.

ಅಮ್ಮ ಆ ಬಡಾವಣೆಯ ಅರ್ಧ ಮಕ್ಕಳಿಗೆ ಸಮವಸ್ತ್ರ ಹೊಲಿದುಕೊಡುವವಳು. ಅವಳ ಕಣ್ಣು ಲೋಕದ ಮೇಲಲ್ಲ, ಲೋಕ ಉಳಿಸುವವನ ಬಟ್ಟೆಯ ಮೇಲೆ.

"ಅಲ್ವೇ ಪುಟ್ಟಿ, ಇವನ ಬಟ್ಟೇಲಿ ಒಂದು ಜಿಪ್ಪಾದ್ರೂ ಕಾಣುತ್ತೇನೇ? ಬೆಂಕೀಲಿ ಬಿದ್ದು ಎದ್ದು ಬಂದ, ಮೊಣಕಾಲಲ್ಲಿ ಒಂದು ತೂತಿಲ್ಲ. ನಿನ್ನ ಸ್ಕರ್ಟಿನ ಅಂಚು ನೋಡಿದ್ರೆ ವಾರಕ್ಕೆ ಎರಡು ಸಲ ಬಿಚ್ಚಿಕೊಂಡು ಬರುತ್ತೆ."

"ಅದು ವಿಶೇಷ ಬಟ್ಟೆ ಕಣಮ್ಮಾ."

"ಅದಕ್ಕೂ ದರ್ಜಿ ಬೇಡ್ವಾ? ಇಷ್ಟು ಸಿನಿಮಾ ನೋಡಿದೆ, ಆ ದರ್ಜಿಯನ್ನ ಒಂದು ಸಲನಾದ್ರೂ ತೋರಿಸಿದ್ದಾರಾ? ಹೆಸರು ಒಬ್ಬನದು, ಬೆವರು ಇನ್ನೊಬ್ಬರದು."

ಅಪ್ಪನದು ಬೇರೆಯೇ ಸಂಕಟ. ಆ ಸಿನಿಮಾಗಳಲ್ಲಿ ಖಳನಿಗೆ ಸಿಟ್ಟು ಬಂದರೆ ಅವನು ಮೊದಲು ಎತ್ತಿ ಎಸೆಯುವುದು ಬಸ್ಸನ್ನು.

"ನೋಡು, ಎಸೆದ! ಅಷ್ಟು ಕಾರಿತ್ತು, ಲಾರಿ ಇತ್ತು. ಎಲ್ಲಾ ಬಿಟ್ಟು ಬಸ್ಸೇ ಬೇಕಿತ್ತಾ ಇವನಿಗೆ?"

"ಆದ್ರೆ ಹೀರೋ ಒಂದೇ ಕೈಯಲ್ಲಿ ಹಿಡಿದ್ನಲ್ಲಪ್ಪಾ."

"ಹಿಡಿಯೋದೇನು ದೊಡ್ಡಸ್ತಿಕೆ? ಬೆಳಿಗ್ಗೆ ಎಂಟೂವರೆಗೆ ಎಂಬತ್ತು ಜನ ತುಂಬಿದ ಬಸ್ಸನ್ನ ಮಾರ್ಕೆಟ್ ತಿರುವಿನಲ್ಲಿ ಯಾರಿಗೂ ತಾಗಿಸದೆ ತಿರುಗಿಸಲಿ. ಆಗ ಕೈ ಮುಗೀತೀನಿ."

ಮಗಳು ತುಟಿ ಕಚ್ಚಿಕೊಂಡು ನೋಡುತ್ತಿದ್ದಳು. ಅವಳ ಅಸೂಯೆ ಹಾರುವುದರ ಬಗ್ಗೆ ಅಲ್ಲ, ಬೆಟ್ಟ ಒಡೆಯುವುದರ ಬಗ್ಗೆಯೂ ಅಲ್ಲ. ಈ ವೀರರಲ್ಲಿ ಒಬ್ಬರಿಗೂ ಸೋಮವಾರ ಬರುತ್ತಿರಲಿಲ್ಲ.

ಅವಳಿಗೆ ಬರುತ್ತಿತ್ತು. ಶಾಲೆಯಲ್ಲಿ ಅವಳ ಹೆಸರು ನಲವತ್ತೊಂದು. ಅಪ್ಪನಿಗೆ ಬೇರೆ ಡಿಪೋಗೆ ವರ್ಗವಾಗಿ, ಶಾಲೆ ಶುರುವಾದ ಎರಡು ವಾರಕ್ಕೆ ಸೇರಿದವಳು ಅವಳು. ನಲವತ್ತು ಮಕ್ಕಳ ಪಟ್ಟಿ ಆಗಲೇ ಸಿದ್ಧವಾಗಿತ್ತು. ಬಾಲಕ್ಕೆ ಇವಳನ್ನು ಅಂಟಿಸಿದರು. ಗಣಿತದ ಮೇಷ್ಟ್ರು, ತರಗತಿಯ ಉಸ್ತುವಾರಿಯೂ ಅವರದೇ, ಮೊದಲ ದಿನ "ಹೊಸ ಹುಡುಗಿ ನಂಬರೆಷ್ಟು?" ಎಂದು ಕೇಳಿದರು. ಹೆಸರು ಕೇಳಲು ಅವರಿಗೆ ಪುರುಸೊತ್ತಾಗಲೇ ಇಲ್ಲ. ಪಕ್ಕದಲ್ಲಿ ಕೂರುವ ಗೆಳತಿ, ಮಾತೆಲ್ಲ ಚುಚ್ಚುವುದರಿಂದ ಗುಂಡುಪಿನ್ನು ಎಂದು ಬಿರುದು ಪಡೆದವಳು, ಮೂರೇ ದಿನದಲ್ಲಿ ಆ ಅಂಕಿಯನ್ನೇ ಕಾಯಂ ಮಾಡಿದಳು.

ಮೇಷ್ಟ್ರು ಕೆಟ್ಟವರಲ್ಲ, ಅವಸರದವರು. ಪಾಠ ಮುಗಿಸುವುದು ಅವರಿಗೆ ಮನೆಗೆ ಬೆಂಕಿ ಬಿದ್ದಾಗ ಸಾಮಾನು ಹೊರಗೆ ಹಾಕುವ ಕೆಲಸದಂತೆ. ಆಟದ ಪಿರಿಯಡ್ಡನ್ನು ಅವರು ಕಳೆದ ತಿಂಗಳು ತಿಂದಿದ್ದರು, ಚಿತ್ರಕಲೆಯದನ್ನು ಈ ತಿಂಗಳು. ಹಾಜರಿ ಕೂಗಿ ಹೊತ್ತು ಕಳೆಯುವವರೂ ಅಲ್ಲ. ಖಾಲಿ ಬೆಂಚು ನೋಡಿ "ಯಾರ್ಯಾರಿಲ್ಲ?" ಎಂದು ಕೇಳಿ, ಅವರಿಗೆ ಗೈರು ಹಾಕಿ, ಉಳಿದವರಿಗೆ ಮೇಲಿಂದ ಕೆಳಗೆ ಒಂದೇ ಗೀಟು. ಮುಗಿಯಿತು. ಉತ್ತರಪತ್ರಿಕೆ ತಿದ್ದುವಾಗಲೂ ಅದೇ ಕೆಂಪು ಗೀಟು. ಹಿಂಬದಿಯಲ್ಲಿ ಬರೆದ ಲೆಕ್ಕಕ್ಕೆ ಅವರಲ್ಲಿ ಅಂಕವಿಲ್ಲ ಎನ್ನುವುದು ಶಾಲೆಗೆಲ್ಲ ಗೊತ್ತು. ಅವರು ಹಾಳೆ ಮಗುಚುವುದಿಲ್ಲ.

ಇಂಥ ತರಗತಿಯ ಮೂರನೆಯ ಬೆಂಚಿನಲ್ಲಿ ಕೂತು ನಲವತ್ತೊಂದು ಯೋಚಿಸುತ್ತಿದ್ದಳು. ಆ ಹಾರುವವನು ಈ ಶಾಲೆಗೆ ಸೇರಿದ್ದರೆ? ಕಾಂಪೌಂಡು ದಾಟಿ ಬಂದದ್ದಕ್ಕೆ ಮೊದಲ ದಿನವೇ "ನಾಳೆ ಅಪ್ಪ-ಅಮ್ಮನ್ನ ಕರ್ಕೊಂಡು ಬಾ". ಅಪ್ಪ-ಅಮ್ಮ ಬೇರೆ ಗ್ರಹದಲ್ಲಿದ್ದಾರೆ ಎಂದರೆ "ಹಾಗಾದ್ರೆ ಅಲ್ಲಿಂದ ಒಂದು ಪತ್ರ ತಾ, ಸಹಿ ಸರಿಯಾಗಿರ್ಲಿ". ಬೆಟ್ಟ ಒಡೆಯುವವನನ್ನು ವಾರ್ಷಿಕೋತ್ಸವಕ್ಕೆ ಬೆಂಚು ಹೊರಲು ಹಾಕುತ್ತಿದ್ದರು. ಪ್ರಯೋಗಾಲಯದಲ್ಲಿ ಏನೋ ಸಿಡಿದು ಶಕ್ತಿ ಪಡೆಯೋಣವೆಂದರೆ ಇಲ್ಲಿನ ಪ್ರಯೋಗಾಲಯದಲ್ಲಿ ಸಿಡಿಯುವುದಕ್ಕೆ ಏನಿದೆ? ಇರುವುದು ಚೀಟಿ ಅಂಟಿಸಿದ ಖಾಲಿ ಬಾಟಲಿಗಳು, ಅದರ ಬೀಗದ ಕೈ ಕಳೆದು ಎರಡು ವರ್ಷ.

ಯೋಚನೆ ಕೈಗಿಳಿಯಿತು. ಹಸಿರು ರಟ್ಟಿನ ಒಂದು ನೋಟ್‌ಬುಕ್ಕಿನಲ್ಲಿ ಅವಳದೇ ವೀರೆಯೊಬ್ಬಳು ಹುಟ್ಟಿದಳು. ಹೆಸರು ಕಾಣದಕ್ಕ. ಎಲ್ಲರ ಎದುರೇ ಇದ್ದರೂ ಯಾರ ಕಣ್ಣಿಗೂ ಬೀಳದಿರುವುದು ಅವಳ ಶಕ್ತಿ. ಅವಳ ವೈರಿ ಗೀಟಾಸುರ: ಎರಡು ಕೊಂಬು, ದೊಡ್ಡ ಹೊಟ್ಟೆ, ಕೈಯಲ್ಲಿ ಕೆಂಪು ಪೆನ್ನು. ಅವನು ಗೀಟು ಎಳೆದಲ್ಲಿ ಮನುಷ್ಯರು ಅಳಿಸಿಹೋಗುತ್ತಾರೆ. ಪ್ರತಿದಿನ ಒಂದು ಪುಟ, ಮೇಲ್ತುದಿಯಲ್ಲಿ ತಾರೀಕು; ಅಮ್ಮ ಅಳತೆ ಪುಸ್ತಕದಲ್ಲಿ ಹಾಕುವುದನ್ನು ನೋಡಿ ಬಂದ ಅಭ್ಯಾಸ ಅದು.

ಒಂದು ದಿನ ಗೀಟಾಸುರನ ಹೊಟ್ಟೆಗೆ ಬಣ್ಣ ತುಂಬುತ್ತಿರುವಾಗ ಮೇಷ್ಟ್ರು ಹಿಂದಿನಿಂದ ಬಂದು ನೋಟ್‌ಬುಕ್ ಕಸಿದುಕೊಂಡರು. ಗುಂಡುಪಿನ್ನು ಕಣ್ಣು ಮುಚ್ಚಿಕೊಂಡಳು. ಆದರೆ ಮೇಷ್ಟ್ರು ತೆರೆದು ನೋಡಲಿಲ್ಲ. ರಟ್ಟಿನ ಮೇಲೆ ಒಂದು ಚೀಟಿ ಅಂಟಿಸಿ, ದೊಡ್ಡ ಮೇಡಂ ಕೋಣೆಯ ಗಾಜಿನ ಕಪಾಟಿಗೆ ಕಳಿಸಿದರು.

"ಬಚಾವಾದೆ ಕಣೇ," ಎಂದಳು ಗುಂಡುಪಿನ್ನು. "ಪುಣ್ಯಾತ್ಮ ಅಲ್ಲೂ ಹಾಳೆ ಮಗುಚಲಿಲ್ಲ."

ಪರೀಕ್ಷೆಗೆ ಒಂದು ತಿಂಗಳಿರುವಾಗ ಸೂಚನಾ ಫಲಕದಲ್ಲಿ ಪಟ್ಟಿ ಬಿತ್ತು. ಹಾಜರಿ ಸಾಲದೆ ಪರೀಕ್ಷೆಗೆ ಕೂರುವ ಹಾಗಿಲ್ಲದವರು: ಒಬ್ಬರೇ. ನಲವತ್ತೊಂದು. ಅವಳು ಸೇರಿದ ಮೇಲೆ ಶಾಲೆ ನಡೆದದ್ದು ನೂರ ಅರವತ್ತು ದಿನ, ಬೇಕಾದದ್ದು ನೂರ ಇಪ್ಪತ್ತು, ಇವಳದು ತೊಂಬತ್ತಾರು. ವರ್ಷವಿಡೀ ಅವಳು ತಪ್ಪಿಸಿಕೊಂಡದ್ದು ಜ್ವರದ ಮೂರು ದಿನ ಮಾತ್ರ.

ಕಚೇರಿಯ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು.

"ಸರ್, ನಾನು ದಿನಾ ಬಂದಿದ್ದೀನಿ."

"ಬಂದಿದ್ದಕ್ಕೆ ದಾಖಲೆ?"

"ನಾನೇ ಇದ್ದೀನಲ್ಲ ಸರ್."

"ಈಗ ಇದ್ದೀಯಮ್ಮ. ಆಗಸ್ಟ್ ಹನ್ನೊಂದಕ್ಕೆ ಇದ್ಯಾ? ಪುಸ್ತಕದಲ್ಲಿ ಖಾಲಿ ಇದೆ. ಖಾಲಿ ಅಂದ್ರೆ ಗೈರು. ತಿಂಗಳ ಕೊನೇಲಿ ಕೂಡಿಸೋದಷ್ಟೇ ನನ್ನ ಕೆಲಸ."

"ಪಕ್ಕದಲ್ಲಿ ಕೂರೋಳನ್ನ ಕೇಳಿ ಸರ್."

"ಅವಳೂ ವಿದ್ಯಾರ್ಥಿನಿ. ವಿದ್ಯಾರ್ಥಿನಿಗೆ ವಿದ್ಯಾರ್ಥಿನಿ ಸಾಕ್ಷಿ ಆಗಲ್ಲ." ಅವಳ ಮುಖ ನೋಡಿ ಅವರಿಗೇ ಏನನ್ನಿಸಿತೋ, ಹಾಜರಿ ಪುಸ್ತಕವನ್ನು ಮೇಜಿನ ಮೇಲಿಟ್ಟರು. "ಬೇಕಾದ್ರೆ ಖಾಲಿ ಇರೋ ತಾರೀಕು ಬರ್ಕೊ. ಮುಟ್ಟಬೇಡ, ನಾನೇ ಹಾಳೆ ತೆಗೀತೀನಿ."

ಆಗ ಅವಳಿಗೆ ಗೊತ್ತಾಯಿತು. ಪುಸ್ತಕದ ಒಂದು ಪುಟಕ್ಕೆ ನಲವತ್ತೇ ಸಾಲು. ಗೀಟು ನಲವತ್ತಕ್ಕೆ ಬಂದು ನಿಂತಿತ್ತು. ಹಾಳೆಯ ಆ ಬದಿಗೆ, ಅಗಲವಾದ ಬಿಳಿ ಬಯಲಿನ ನೆತ್ತಿಯಲ್ಲಿ, ಅವಳೊಬ್ಬಳೇ ಇದ್ದಳು. ಮೇಷ್ಟ್ರು ರಜೆಯಲ್ಲಿದ್ದಾಗ ಬಂದ ಬೇರೆಯವರು, ಕಿರುಪರೀಕ್ಷೆಯ ದಿನ ಬಂದವರು ಹಾಳೆ ಮಗುಚಿದ್ದರು. ಮೇಷ್ಟ್ರೂ ನೆನಪಾದಾಗ ಮಗುಚಿದ್ದರು. ನೆನಪಾಗದ ದಿನಗಳು ಅರವತ್ತೊಂದು.

ಮೇಷ್ಟ್ರನ್ನು ಕೇಳಿದರೆ, "ಅಯ್ಯೋ, ಹೌದಾ? ಆದ್ರೆ ಯಾವ ದಿನ ಬಂದಿದ್ದೆ, ಯಾವ ದಿನ ಇಲ್ಲ ಅಂತ ನಾನೀಗ ಹೇಗೆ ಬರ್ಕೊಡ್ಲಿ? ಸುಳ್ಳು ಸಹಿ ಹಾಕಿದ ಹಾಗಾಗುತ್ತೆ," ಎಂದರು. ಅದೂ ನಿಜವೇ. ಗೀಟು ಎಳೆಯುವಾಗ ಮಲಗಿದ್ದ ಪ್ರಾಮಾಣಿಕತೆ ಅಳಿಸುವಾಗ ಎದ್ದು ಕೂತಿತ್ತು.

ಸಂಜೆ ಮನೆಯಲ್ಲಿ ಅವಳು ಬಿಕ್ಕಿದಳು. "ಒಂದು ವರ್ಷ ಹೋಯ್ತಮ್ಮಾ. ಇನ್ನೊಂದು ವರ್ಷ ಅದೇ ಬೆಂಚು, ಅದೇ ಗೀಟು. ಎಲ್ಲರೂ ಮುಂದೆ ಹೋಗಿರ್ತಾರೆ."

ಅಮ್ಮ ಯಂತ್ರ ನಿಲ್ಲಿಸಿದಳು. ಮಗಳ ತಲೆ ಸವರಿದಳು, ಅದೇ ಕೈಯಲ್ಲಿ ಅವಳ ಕೂದಲಿಗೆ ಅಂಟಿದ್ದ ನೂಲಿನ ತುಣುಕನ್ನೂ ತೆಗೆದಳು.

"ಅಳೋದಿದ್ರೆ ಆಮೇಲೆ ಅಳು, ನಾನೂ ಜೊತೆಗೆ ಅಳ್ತೀನಿ. ಈಗ ಪೆನ್ ತಗೋ. ಎಷ್ಟು ಕಡಿಮೆ?"

"ಇಪ್ಪತ್ತನಾಲ್ಕು."

"ಬಟ್ಟೆ ಇಪ್ಪತ್ತನಾಲ್ಕು ಇಂಚು ಕಡಿಮೆ ಬಿದ್ದಿದೆ ಅಂದ್ಕೊ. ಅಂಗಡಿಯವನು ಕೊಡಲ್ಲ ಅಂತಿದ್ದಾನೆ. ಮನೇಲಿರೋ ಚೂರು ಹುಡುಕಿ ಜೋಡಿಸೋಣ. ಅರವತ್ತೊಂದು ದಿನದಲ್ಲಿ ಇಪ್ಪತ್ತನಾಲ್ಕು ದಿನ ನೀನು ಅಲ್ಲಿದ್ದೆ ಅನ್ನೋಕೆ ಏನಿದೆ? ಎಲ್ಲಾದ್ರೂ ಸಹಿ ಹಾಕಿದ್ಯಾ?"

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಅಪ್ಪ ಕೇಳಿಸಿಕೊಂಡ. "ಸಹಿ ಹಾಕೋಕೆ ಹೊತ್ತಿಗೆ ಸರಿಯಾಗಿ ಹೋಗ್ಬೇಕಲ್ಲ. ಅದೂ ನನ್ನಿಂದಲೇ ತಪ್ತು," ಎಂದ.

ಅದೊಂದು ಹಳೆಯ ಜಗಳ. ಮಗಳು ಶಾಲೆಗೆ ಹೋಗುವುದು ಅಪ್ಪನ ಬಸ್ಸಿನಲ್ಲೇ. ಎಂಟು ನಲವತ್ತೇಳಕ್ಕೆ ಶಾಲೆಯ ಸ್ಟಾಪು, ಐವತ್ತಕ್ಕೆ ಗೇಟು ಹಾಕುವುದು. ಆದರೆ ವಾರದಲ್ಲಿ ಕೆಲವು ದಿನ ಮಾರ್ಕೆಟ್ ಸ್ಟಾಪಿನಲ್ಲಿ ಕಾಲಿನ ಚಿಕಿತ್ಸೆಗೆ ಹೋಗುವ ಅಜ್ಜಿಯೊಬ್ಬಳು ಹತ್ತುತ್ತಾಳೆ. ಕೋಲು ಮೊದಲು, ಚೀಲ ಆಮೇಲೆ, ಅಜ್ಜಿ ಕೊನೆಗೆ. ಅವಳು ಕೂತು "ಹೂಂ, ಬಿಡಪ್ಪಾ" ಎನ್ನುವವರೆಗೆ ಅಪ್ಪ ಗೇರು ಮುಟ್ಟುವುದಿಲ್ಲ. ಆ ದಿನಗಳಲ್ಲಿ ಬಸ್ಸು ಎಂಟು ಐವತ್ತೆರಡಕ್ಕೆ. "ನಿನ್ನೊಬ್ಬಳಿಗೋಸ್ಕರ ಬೇಗ ಎಳೆಯೋಕಾಗುತ್ತಾ? ಬಿದ್ರೆ?" ಎಂದು ಅಪ್ಪ, "ನನ್ನ ವೈರಿ ಗೀಟಾಸುರ ಅಲ್ಲ, ಆ ಅಜ್ಜಿ" ಎಂದು ಮಗಳು.

ಇವತ್ತು ಅವಳು ಬಾಯಿ ತೆರೆದವಳು ಹಾಗೆಯೇ ನಿಂತಳು.

"ಅಪ್ಪಾ, ತಡವಾಗಿ ಹೋದ ದಿನ ಗೇಟಿನ ತಾತ ಸಹಿ ಹಾಕಿಸ್ಕೊಳ್ತಾರೆ!"

ಗೇಟಿನ ತಾತನಿಗೆ ತನ್ನ ತಡದ ಪುಸ್ತಕದ ಮೇಲೆ ಇದ್ದಷ್ಟು ಅಭಿಮಾನ ದೊಡ್ಡ ಮೇಡಂಗೆ ಇಡೀ ಶಾಲೆಯ ಮೇಲೆ ಇರಲಿಲ್ಲ. ಬೆಳಿಗ್ಗೆ ಹೋಗಿ ಕೇಳಿದಾಗ, "ನೋಡಮ್ಮ, ನೋಡು. ನಿಮಿಷ ಸಮೇತ ಇದೆ. ಮಳೆ ಬಂದ್ರೆ ನನ್ನ ತಲೆಗಲ್ಲ, ಇದಕ್ಕೆ ಪ್ಲಾಸ್ಟಿಕ್ ಕವರ್ ಹಾಕ್ತೀನಿ," ಎಂದು ತೆರೆದು ಕೊಟ್ಟ. ಖಾಲಿ ತಾರೀಕುಗಳಿಗೆ ಹೊಂದಿದ್ದು ಹದಿನೇಳು. ಹದಿನೇಳರಲ್ಲೂ ಅವಳ ಸೊಟ್ಟ ಸಹಿ, ಮುಂದೆ 8.52.

ಇನ್ನು ಏಳು. ತಡವಾಗಿದ್ದಕ್ಕೆ, ಮಾತಾಡಿದ್ದಕ್ಕೆ, ಕಿಟಕಿಯಾಚೆ ನೋಡಿದ್ದಕ್ಕೆ ಅವಳು ತರಗತಿಯಲ್ಲೇ ನಿಂತು ನೂರು ನೂರು ಸಲ ಬರೆದ ಶಿಕ್ಷೆಯ ಹಾಳೆಗಳಿದ್ದವಲ್ಲ! ಪ್ರತಿಯೊಂದರ ಕೆಳಗೂ ಮೇಷ್ಟ್ರು 'ನೋಡಿದೆ' ಎಂದು ಆ ದಿನದ ತಾರೀಕು ಹಾಕಿ ಹಿಂದಿರುಗಿಸಿದ್ದರು. ಸಂಜೆ ಕೇಳಿದಾಗ ಅಮ್ಮ ನಾಲಿಗೆ ಕಚ್ಚಿಕೊಂಡಳು. ಒಂದು ಬದಿ ಖಾಲಿಯಿದ್ದ ಆ ಒಳ್ಳೆಯ ಕಾಗದವನ್ನು ಅವಳು ಕತ್ತರಿಸುವ ನಮೂನೆಗಳಿಗೆ ಬಳಸಿಬಿಟ್ಟಿದ್ದಳು. ಗೋಡೆಯ ಮೊಳೆಯಿಂದ ನಮೂನೆಗಳ ಗೊಂಚಲನ್ನೇ ಇಳಿಸಿ ನೆಲದ ಮೇಲೆ ಹರಡಿದರು. 'ಇನ್ನು ಮುಂದೆ ತರಗತಿಯಲ್ಲಿ ಮಾತನಾಡು' ಎನ್ನುವಲ್ಲಿಗೆ ಒಂದು ಕಾಲರ್ ಮುಗಿದಿತ್ತು. 'ವುದಿಲ್ಲ' ಯಾವ ಮಗುವಿನ ಜೇಬಿಗೆ ಹೋಗಿತ್ತೋ. ಅಪ್ಪ ಮೊಣಕಾಲೂರಿ ಕೂತು ಎಡದ ತೋಳಿಗೆ ಬಲದ ತೋಳು ಜೋಡಿಸಿ ತಾರೀಕು ಹುಡುಕಿದ. ಸಿಕ್ಕಿದ್ದು ಐದು.

ಇಪ್ಪತ್ತೆರಡು. ಇನ್ನೆರಡು ಬೇಕು, ಮತ್ತೆಲ್ಲೂ ಒಂದು ಚೂರೂ ಇಲ್ಲ.

ಮರುದಿನ ದೊಡ್ಡ ಮೇಡಂ ಕೋಣೆಯಲ್ಲಿ ಅಮ್ಮ, ಮಗಳು, ಗುಮಾಸ್ತರು, ಮೇಷ್ಟ್ರು. ಅವಸರದಲ್ಲಿ ಅಮ್ಮ ಕೊರಳಲ್ಲಿದ್ದ ಅಳತೆಯ ಟೇಪು ತೆಗೆಯುವುದನ್ನೇ ಮರೆತಿದ್ದಳು. ದೊಡ್ಡ ಮೇಡಂ ಒಂದು ಕಾಗದದ ಕಾಲರನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಇದೇನ್ರೀ ಇದು?"

"ಮೇಡಂ, ಅದು ಅಕ್ಟೋಬರ್ ಒಂಬತ್ತು. ಈ ತೋಳು ನವೆಂಬರ್ ಮೂರು," ಎಂದಳು ಅಮ್ಮ. "ಬಳಸಿ ಆದ್ಮೇಲೆ ವಾಪಸ್ ಕೊಡಿ ಮೇಡಂ, ಇನ್ನೂ ಆರು ಅಂಗಿ ಕತ್ತರಿಸೋದಿದೆ."

ಗುಮಾಸ್ತರು ಎಲ್ಲ ಕೂಡಿಸಿ, ಮತ್ತೊಮ್ಮೆ ಕೂಡಿಸಿ, "ಎರಡು ಕಡಿಮೆ ಮೇಡಂ," ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ದೇವರೂ ಇನ್ನೂ ಕೊಟ್ಟಿರಲಿಲ್ಲ.

"ಎರಡೇ ಅಲ್ವಾ ಮೇಡಂ," ಎಂದಳು ಅಮ್ಮ.

"ಎರಡೇ ಅಂತ ಬಿಟ್ರೆ ನಾಳೆ ಇನ್ನೊಬ್ಬರು ನಾಲ್ಕೇ ಅಂತಾರೆ. ನಿಯಮ ನಿಯಮವೇ."

ನಲವತ್ತೊಂದು ಗಾಜಿನ ಕಪಾಟು ನೋಡುತ್ತಿದ್ದಳು. ಮೇಲಿನ ಹಲಗೆಯಲ್ಲಿ ಚೆಂಡು, ಶಿಳ್ಳೆ, ಮೂರು ಫೋನು, ಒಂದು ಹಸಿರು ರಟ್ಟು. ಅದರೊಳಗೆ ತಾರೀಕುಗಳಿವೆ. ಗೀಟಾಸುರನೂ ಇದ್ದಾನೆ, ಕೊಂಬು ಹೊಟ್ಟೆ ಸಮೇತ. ಆ ಹೊಟ್ಟೆಯ ಮಾಲೀಕರು ಮೂರೇ ಅಡಿ ದೂರದಲ್ಲಿ ನಿಂತಿದ್ದಾರೆ. ತೆರೆಸಿದರೆ ಶಾಲೆಯಿಂದಲೇ ಹೊರಗೆ ಹಾಕಬಹುದು. ತೆರೆಸದಿದ್ದರೆ ವರ್ಷ ಹೋಗುವುದು ಖಂಡಿತ. ಸಿನಿಮಾದಲ್ಲಾದರೆ ಈ ಹೊತ್ತಿಗೆ ಹಿಂದಿನಿಂದ ಸಂಗೀತ ಬರುತ್ತದೆ. ಇಲ್ಲಿ ಬಂದದ್ದು ಗುಮಾಸ್ತರು ಸೀನಿದ ಸದ್ದು.

"ಮೇಡಂ," ಎಂದಳು, "ಆ ಕಪಾಟಿನಲ್ಲಿ ನನ್ನದೊಂದು ನೋಟ್‌ಬುಕ್ಕಿದೆ. ಅದರಲ್ಲಿ ದಿನಾ ತರಗತಿಯಲ್ಲಿ ಏನಾಯ್ತು ಅಂತ ಬರೆದಿದ್ದೀನಿ. ತಾರೀಕು ಹಾಕಿ."

ದೊಡ್ಡ ಮೇಡಂ ತೆರೆದರು. ಒಂದು ಪುಟ, ಎರಡು ಪುಟ. ತುಟಿಯ ಕೊನೆ ಅಲುಗಿತು. ಅದನ್ನು ಕೂಡಲೇ ಶಿಸ್ತಿಗೆ ತಂದರು.

"ಸೆಪ್ಟೆಂಬರ್ ಹದಿನೆಂಟು. ಖಾಲಿ ಇದೆಯಾ?"

"ಖಾಲಿ ಇದೆ ಮೇಡಂ," ಎಂದರು ಗುಮಾಸ್ತರು.

ದೊಡ್ಡ ಮೇಡಂ ಗಟ್ಟಿಯಾಗಿ ಓದಿದರು. "'ಗೀಟಾಸುರನು ವಯಸ್ಸಿನ ಲೆಕ್ಕ ಬಿಡಿಸಲು, ತಂದೆಯ ವಯಸ್ಸು ಮೈನಸ್ ಎಂಟು ಎಂದು ಬಂದಿತು. ಹುಟ್ಟಲು ಇನ್ನೂ ಎಂಟು ವರ್ಷವಿರುವ ತಂದೆಯನ್ನು ಕಂಡು ಬೆಚ್ಚಿದ ಗೀಟಾಸುರನು, ತೋಳಿನಿಂದಲೇ ಹಲಗೆ ಒರೆಸಿ, ಈ ಪಾಠ ಮುಗಿಯಿತು ಎಂದು ಗರ್ಜಿಸಿದನು.'"

ನೋಟ್‌ಬುಕ್ಕು ಮೇಷ್ಟ್ರ ಕೈಗೆ ಬಂತು. ಗೀಟಾಸುರ ಯಾರೆಂದು ಯಾರೂ ಹೇಳಿರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

"ನಾನು ಇಷ್ಟು ದಪ್ಪ ಇಲ್ಲ," ಎಂದರು ಮೇಷ್ಟ್ರು.

ಅಂದಮೇಲೆ ಕಿವಿ ಕೆಂಪಾಯಿತು. ಸ್ವಲ್ಪ ಹೊತ್ತು ಆ ಚಿತ್ರವನ್ನೇ ನೋಡಿದರು. ಆಮೇಲೆ ಮೆಲ್ಲಗೆ, "ಲೆಕ್ಕ ತಪ್ಪಿದ್ದು ನಿಜ ಮೇಡಂ. ಒಂದು ಚಿಹ್ನೆ ಬಿಟ್ಟುಹೋಗಿತ್ತು. ಈ ಒಂದು ತರಗತೀಲೇ ಹಾಗಾದದ್ದು, ತಕ್ಷಣ ಒರೆಸಿದೆ. ಇಲ್ಲಿ ಕೂತು ನೋಡದೆ ಇದನ್ನ ಯಾರೂ ಬರೆಯೋಕಾಗಲ್ಲ. ಇವಳು ಬಂದಿದ್ಲು," ಎಂದರು. ತಾನು ತಪ್ಪಿದ ದಿನವನ್ನು ಒಪ್ಪಿ ಇವಳು ಬಂದ ದಿನವನ್ನು ಕೊಟ್ಟರು. ಅದಕ್ಕೆ ಬೆಟ್ಟ ಒಡೆಯುವಷ್ಟೇ ಬಲ ಬೇಕಾಗಿದ್ದಿರಬೇಕು. ಹಣೆಯ ಮೇಲೆ ಬೆವರಿತ್ತು.

ಇನ್ನೊಂದು ಪುಟ, ನವೆಂಬರ್ ಇಪ್ಪತ್ತು: ಗೀಟಾಸುರನ ಎದೆಯಿಂದ ಕೆಂಪು ರಕ್ತ. ಕೆಳಗೆ 'ಸ್ವಂತ ಪೆನ್ನಿನಿಂದಲೇ ಗಾಯಗೊಂಡ ಗೀಟಾಸುರ.' ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಅಮ್ಮ ಬಗ್ಗಿ ನೋಡಿ, "ಅಯ್ಯೋ, ಇದು ಆ ನೀಲಿ ಗೆರೆ ಶರ್ಟಲ್ವಾ?" ಎಂದಳು. "ಮಾರನೇ ದಿನ ನಿಮ್ಮ ಮನೆಯವರೇ ತಂದಿದ್ರಲ್ಲ ಮೇಷ್ಟ್ರೇ, ಇಂಕು ಹೋಗಲ್ಲ, ಜೇಬು ಬದಲಾಯಿಸಿಕೊಡಿ ಅಂತ. ನನ್ನ ಪುಸ್ತಕದಲ್ಲಿ ತಾರೀಕಿದೆ, ಇಪ್ಪತ್ತೊಂದು."

"ಇಪ್ಪತ್ನಾಲ್ಕು," ಎಂದರು ಗುಮಾಸ್ತರು, ಪೆನ್ನು ಮುಚ್ಚುತ್ತ. ಅವರ ಮುಖದಲ್ಲೂ ನಗು ಇತ್ತು. ಅದನ್ನು ದಾಖಲಿಸಲು ಪುಸ್ತಕದಲ್ಲಿ ಯಾವ ಕಾಲಮ್ಮೂ ಇರಲಿಲ್ಲ.

ದೊಡ್ಡ ಮೇಡಂ ಸಹಿ ಹಾಕಿದರು. ಇನ್ನು ಮುಂದೆ ಪ್ರತಿದಿನ ನಂಬರು ಕೂಗಿಯೇ ಹಾಜರಿ ಎಂದು ಮೇಷ್ಟ್ರಿಗೆ ಹೇಳಿದರು. ಆದರೆ ನಿಯಮದ ಹೊಟ್ಟೆ ಇನ್ನೂ ತುಂಬಿರಲಿಲ್ಲ. "ಗುರುಗಳಿಗೆ ಕೊಂಬು ಬರೆದದ್ದಕ್ಕೆ ನೂರು ಸಲ ಬರ್ಕೊಂಡು ಬಾ, 'ಗುರುಗಳನ್ನು ಗೌರವಿಸುತ್ತೇನೆ' ಅಂತ."

"ಒಂದೇ ಬದೀಲಿ ಬರೆಸಿ ಮೇಡಂ," ಎಂದಳು ಅಮ್ಮ, ಕೈ ಮುಗಿದು. "ಇನ್ನೊಂದು ಬದಿ ನನಗೆ ಬೇಕಾಗುತ್ತೆ."

ಸೋಮವಾರ ಬಂತು. ಮಾರ್ಕೆಟ್ ಸ್ಟಾಪಿನಲ್ಲಿ ಮೊದಲು ಕೋಲು ಕಾಣಿಸಿತು. ಅಪ್ಪ ಕನ್ನಡಿಯಲ್ಲಿ ಮಗಳನ್ನು ನೋಡಿದ; ಇವತ್ತು ಏನು ಮಾಡಲಿ ಎನ್ನುವ ನೋಟ. ಮಗಳು ಎದ್ದು ಬಾಗಿಲಿಗೆ ಬಂದು ಅಜ್ಜಿಯ ಚೀಲ ತೆಗೆದುಕೊಂಡಳು, ತನ್ನ ಸೀಟಿನಲ್ಲೇ ಕೂರಿಸಿದಳು.

"ನಿಂಗೆ ಹೊತ್ತಾಗಲ್ವಾ ಮಗಾ?"

"ಆಗುತ್ತೆ ಅಜ್ಜಿ. ಹದಿನೇಳು ದಿನ ಆಗಿದೆ. ನೀವು ಸರಿಯಾಗಿ ಕೂತ್ಕೊಳ್ಳಿ."

"ಹೂಂ, ಬಿಡಪ್ಪಾ," ಎಂದಳು ಅಜ್ಜಿ.

ಎಂಟು ಐವತ್ತೆರಡಕ್ಕೆ ಅವಳು ಗೇಟಿನಲ್ಲಿದ್ದಳು. ಗೇಟಿಗೆ ಅಂಟಿಕೊಂಡಂತಿರುವ ಕೋಣೆಯೇ ಅವಳ ತರಗತಿ. ತೆರೆದ ಕಿಟಕಿಯಿಂದ ಮೇಷ್ಟ್ರ ದನಿ ಕೇಳುತ್ತಿತ್ತು. ಮೂವತ್ತೆಂಟು. ಮೂವತ್ತೊಂಬತ್ತು. ನಲವತ್ತು. ಆಮೇಲೆ ಒಂದು ಕ್ಷಣ ಸುಮ್ಮನೆ. ಆಮೇಲೆ, ವರ್ಷದಲ್ಲಿ ಅಪರೂಪಕ್ಕೆ ಕೇಳಿದ ಸದ್ದು: ಹಾಳೆಯೊಂದು ಮಗುಚಿತು.

"ನಲವತ್ತೊಂದು! ...ನಲವತ್ತೊಂದು ಎಲ್ಲಿ? ಇವತ್ತೇ ಬಂದಿಲ್ವಾ?"

"ಬರ್ತಾಳೆ ಸರ್, ಕೊಂಬು ಬೆಳೆಸ್ಬೇಡಿ," ಎಂದಿತು ಒಂದು ಗುಂಡುಪಿನ್ನಿನ ದನಿ, ಅಷ್ಟೇ ಸಣ್ಣಗೆ.

"ಓಡಮ್ಮ, ನಿನ್ನನ್ನೇ ಕೂಗ್ತಿದ್ದಾರೆ," ಎಂದ ಗೇಟಿನ ತಾತ.

"ಇರಿ ತಾತ, ಪೆನ್ ಕೊಡಿ," ಎಂದಳು ಅವಳು. ತಡದ ಪುಸ್ತಕವನ್ನು ಹತ್ತಿರ ಎಳೆದುಕೊಂಡು, ತಾರೀಕನ್ನೂ ನಿಮಿಷವನ್ನೂ ಗುಂಡಗೆ ಬರೆದು, ಸೊಟ್ಟ ಸಹಿ ಬಿಟ್ಟು ತನ್ನ ಪೂರ್ತಿ ಹೆಸರನ್ನು ಬಿಡಿಸಿ ಬರೆದಳು. ಶಾಯಿ ಒಣಗುವವರೆಗೆ ಊದಿದಳು. ಆಮೇಲೆ ಓಡಿದಳು.